ಕೊಸರು ಬೇಡ ಎಂದ ಸೊಸೆ

ದಿನಸಿ ಅಂಗಡಿ ಇಟ್ಟವನಿಗೆ ಊರಿನ ಅಡುಗೆಮನೆಗಳೆಲ್ಲ ಗಲ್ಲಾದ ಮೇಲೆ ಕೂತಲ್ಲೇ ಕಾಣುತ್ತವೆ. ಎಣ್ಣೆ ಬೇಗ ಖಾಲಿಯಾದರೆ ನೆಂಟರು ಬಂದಿದ್ದಾರೆ. ಬರೀ ಬ್ರೆಡ್ಡು ಹೋದರೆ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ. ಅಜ್ಜಂಪುರದ ಬಸ್ ಸ್ಟ್ಯಾಂಡ್ ಹತ್ತಿರದ ನನ್ನ ಅಂಗಡಿಯಲ್ಲಿ ನಗುವಂಥದ್ದು ಏನಾದರೂ ಆಗುತ್ತಲೇ ಇರುತ್ತದೆ. ಇಲ್ಲಿ ಒಂದೇ ಮನೆಯದು ಹೇಳುತ್ತೇನೆ. ಇವರು ಓದಿದರೂ ನಕ್ಕು ಸುಮ್ಮನಾಗುತ್ತಾರೆ. ಬೇರೆಯವರದು ಬರೆದರೆ ಗಿರಾಕಿ ಕೈ ಬಿಟ್ಟುಹೋಗುತ್ತದೆ.

ಯಜಮಾನರ ಸಂತೆ

ಶಿವನಿ ದಾರಿಯಲ್ಲಿ ತೆಂಗಿನ ತೋಟ ಇರುವ ಯಜಮಾನರೊಬ್ಬರು ನನ್ನ ಹಳೇ ಗಿರಾಕಿ. ಅವರ ಮನೆಯ ವಾರದ ಸಾಮಾನೆಲ್ಲ ಹೆಂಡತಿಯ ಜವಾಬ್ದಾರಿ. ಆಯಮ್ಮನಿಗೆ ಮಂಡಿನೋವು ಬಂದು ಚೀಲ ಹೊರಲಾಗದೆ ಹೋದಾಗ ಯಜಮಾನರು, "ಅದೇನು ಮಹಾ, ನಾನ್ ತತ್ತೀನಿ ಬಿಡು" ಎಂದು ಹೊರಟರು.

ಕತ್ತಲಾಗುವ ಹೊತ್ತಿಗೆ ಸಂತೆಯಲ್ಲಿ ರೇಟು ಇಳಿಯುತ್ತದೆ ಎಂಬುದು ಅವರ ಲೆಕ್ಕ. ಇಳಿದಿತ್ತು. ಉಳಿದಿದ್ದು ಬದನೆಕಾಯಿ ಒಂದೇ. ಗುಡ್ಡೆಗೆ ಗುಡ್ಡೆ ಚೀಲಕ್ಕೆ ಸುರಿಸಿಕೊಂಡು ನನ್ನ ಅಂಗಡಿಗೆ ಬಂದರು. ಹೆಂಡತಿ ಹೇಳಿ ಕಳಿಸಿದ್ದರಲ್ಲಿ ಸಾಸಿವೆ ತಗೊಂಡರು, ಜೀರಿಗೆ ಬೇಡ ಎಂದರು.

"ಯಾಕ್ರೀ?"

"ಒಗ್ಗರಣೆಗೆ ಸಾಸಿವೆ ಹಾಕ್ತಾರಲ್ಲ. ಒಂದು ಬಸ್ಸಿಗೆ ಇಬ್ರು ಡ್ರೈವರ್ ಯಾಕೆ?"

ಆ ವಾರ ಅವರ ಮನೆಯಲ್ಲಿ ಉಪ್ಪಿಟ್ಟಿಗೂ ಬದನೆಕಾಯಿ ಬಿದ್ದಿತ್ತಂತೆ. ವಾರ ಮುಗಿಯುವ ಮೊದಲೇ ಆಯಮ್ಮ ಕುಂಟಿಕೊಂಡು ಬಂದು, ಅತ್ತ ಇತ್ತ ನೋಡಿ, "ಒಂದು ಪೊಟ್ಟಣ ಜೀರಿಗೆ ಕೊಡಿ, ಯಾರ್ಗೂ ಹೇಳ್ಬೇಡಿ" ಎಂದು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಹೋದರು. ನಮ್ಮೂರಲ್ಲಿ ಬ್ರಾಂದಿಯನ್ನೂ ಯಾರೂ ಅಷ್ಟು ಕದ್ದು ಒಯ್ಯುವುದಿಲ್ಲ.

ಹೊಸ ಸೊಸೆ

ಅಷ್ಟರಲ್ಲಿ ಮಗನ ಮದುವೆಯಾಯಿತು. ಹುಡುಗಿ ಪಂಚನಹಳ್ಳಿ ಕಡೆಯವಳು. ಮಗ ದಿನಾ ತರೀಕೆರೆಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುತ್ತಾನೆ. ಅಮ್ಮ ಹೇಳಿದ್ದಕ್ಕೂ ಹ್ಞೂಂ, ಹೆಂಡತಿ ಹೇಳಿದ್ದಕ್ಕೂ ಹ್ಞೂಂ. ಅವನನ್ನು ಇಲ್ಲಿಗೇ ಬಿಡೋಣ.

ಸಾಮಾನಿನ ಚೀಲ ನನಗೆ ಕೊಡಿ ಎಂದು ಸೊಸೆ ತಾನಾಗಿ ಕೇಳಿದಳು. ಯಜಮಾನರು ಷರತ್ತು ಹಾಕಿದರು: ವಾರಕ್ಕೆ ಎರಡು ಸಾವಿರ, ಒಂದು ತಿಂಗಳು ನೋಡೋಣ, ನಡುವೆ ಒಂದ್ಸಲ ಸಾಲದು ಅಂದ್ರೂ ಚೀಲ ವಾಪಸ್ ನನಗೆ.

ಮೊದಲ ದಿನ ಬಂದವಳು ಬೇಳೆಯನ್ನು ಅಂಗೈಗೆ ಹಾಕಿಕೊಂಡು ಮೂಸಿದಳು, ಸೋಪಿನ ಹಿಂದಿನ ತಾರೀಖು ಓದಿದಳು, ದೊಡ್ಡ ಪ್ಯಾಕೆಟ್ಟಿಗೂ ಸಣ್ಣದಕ್ಕೂ ಫೋನಿನಲ್ಲಿ ಭಾಗಾಕಾರ ಮಾಡಿದಳು. ತೂಕ ಆಯಿತು. ಸುಮ್ಮನೆ ಚೀಲ ಎತ್ತಿಕೊಂಡಳು. ನನಗೆ ಆಶ್ಚರ್ಯ. ತೂಕ ಮುಗಿದ ಮೇಲೆ ಮೇಲೊಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ನಮ್ಮೂರಲ್ಲಿ ಯಾರೂ ಮೆಟ್ಟಿಲು ಇಳಿಯುವುದಿಲ್ಲ.

"ಕೊಸರು ಬೇಡ್ವೇನಮ್ಮ?"

"ಬೇಡ ಅಂಕಲ್. ಕೊಸರು ಹಾಕೋರು ಅದನ್ನ ಮೊದ್ಲೇ ರೇಟಲ್ಲಿ ಸೇರ್ಸಿರ್ತಾರೆ."

ಮಾತು ನಿಜ. ಆದರೆ ಸ್ವಲ್ಪ ಮೆತ್ತಗೆ ಹೇಳಬಹುದಿತ್ತು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು.

ಅತ್ತೆಯ ಗುಟ್ಟು

ಮಾರನೇ ದಿನ ಅತ್ತೆ ಬಂದರು. ತೆಂಗಿನ ಗರಿ ಸೀಳಿ ಪೊರಕೆ ಕಟ್ಟಿ ಮಾರಿದ ದುಡ್ಡು ಅವರ ಸೆರಗಿನ ಗಂಟಿನಲ್ಲಿತ್ತು.

"ಸಾವ್ಕಾರ್ರೇ, ನನ್ ಸೊಸೆ ಏನ್ ತಗೊಂಡ್ರೂ ಒಂದಿಷ್ಟು ಜಾಸ್ತಿ ಹಾಕಿ. ದುಡ್ಡು ನಾನ್ ಕೊಡ್ತೀನಿ. ಅವಳಿಗೆ ಗೊತ್ತಾಗ್ಬಾರ್ದು."

"ಆ ಹುಡುಗಿ ಕೊಸರೇ ಬೇಡ ಅಂತದಲ್ಲಮ್ಮ."

"ಊಟಕ್ಕೆ ಕೂತೋರು ಬೇಡ ಅಂದ್ರೆ ನೀವು ಬಡಿಸದೆ ಬಿಡ್ತೀರಾ?"

ಗಂಟು ಬಿಚ್ಚುತ್ತಾ ಆಯಮ್ಮ ತಗ್ಗಿದ ದನಿಯಲ್ಲಿ ಅಂದರು: "ಹೊಸ ಮನೆ ಕಣ್ರೀ ಅವಳಿಗೆ. ಬಂದ ತಿಂಗಳಲ್ಲೇ ಸೋತೆ ಅನ್ನಿಸ್ಬಾರ್ದು." ದುಡ್ಡು ನನ್ನ ಕೈಗಿಟ್ಟು, "ನಂಗೂ ಇನ್ನು ಬದನೆಕಾಯಿ ತಿನ್ನಕ್ಕಾಗಲ್ಲ" ಎಂದರು.

ಮಾವನ ಗುಟ್ಟು

ಎರಡು ದಿನ ಬಿಟ್ಟು ಯಜಮಾನರ ಮೊಪೆಡ್ ಬಂದು ನಿಂತಿತು. ಅವರು ಮೊಪೆಡ್ಡಿಂದ ಇಳಿಯಲೂ ಇಲ್ಲ, ನನ್ನನ್ನೇ ಹೊರಗೆ ಕರೆದರು. ಕೇಳಿದರೆ ಅದೇ ಮಾತು. ಸೊಸೆಗೆ ಸ್ವಲ್ಪ ಜಾಸ್ತಿ ತೂಗಿ, ದುಡ್ಡು ನನ್ನದು, ಅವಳ ಅತ್ತೆಗೆ ಮಾತ್ರ ತಿಳಿಯಬಾರದು.

"ಪರೀಕ್ಷೆ ಇಟ್ಟೋರು ನೀವೇ ಅಲ್ವಾ?" ಎಂದೆ.

"ಇಟ್ಟಿದ್ದು ನಾನೇ ಕಣ್ರೀ. ಫೇಲ್ ಮಾಡ್ತೀನಿ ಅಂದಿದ್ನಾ?"

ಹಾಗೆಂದು ದುಡ್ಡೇನೂ ಸಲೀಸಾಗಿ ಬಿಚ್ಚಲಿಲ್ಲ. ಗುಟ್ಟಿನ ಕೊಸರಿಗೂ ಚೌಕಾಸಿ ಮಾಡಿ, ಇಪ್ಪತ್ತು ರೂಪಾಯಿ ಇಳಿಸಿಕೊಂಡೇ ಕೊಟ್ಟರು.

ನಾನು ವ್ಯಾಪಾರಿ. ಇಬ್ಬರಿಂದಲೂ ಈಸಿಕೊಂಡೆ, ಅವಳು ಮತ್ತೆ ಬಂದಾಗ ಕಣ್ಣು ತಪ್ಪಿಸಿ ಎರಡು ಪಾಲೂ ಹಾಕಿದೆ. ಆಣೆ ಮಾಡಿ ಹೇಳುತ್ತೇನೆ, ಒಂದು ಕಾಳು ಇಟ್ಟುಕೊಳ್ಳಲಿಲ್ಲ.

ಉಪ್ಪಿನ ಪ್ಯಾಕೆಟ್ಟು

ಅದರ ಮುಂದಿನ ಸಲ ಸೊಸೆ ಬಂದವಳೇ, "ಅಂಕಲ್, ನಿಮ್ ತಕ್ಕಡಿ ಕೆಟ್ಟಿದೆ" ಎಂದಳು. ಒಂದು ಕೆಜಿ ಬೇಳೆ ಮನೆಗೆ ಹೋಗಿ ತೂಗಿದರೆ ಒಂದೂಕಾಲು ಆಗಿತ್ತಂತೆ.

ಇಷ್ಟು ವರ್ಷದಲ್ಲಿ ತೂಕ ಕಮ್ಮಿ ಬಂತು ಎಂದು ಜಗಳಕ್ಕೆ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಜಾಸ್ತಿ ಬಂತು ಎಂದು ಬಂದವಳು ಇವಳೊಬ್ಬಳೇ. ನಾನು ಬಾಯಿ ಬಿಡುವ ಮೊದಲೇ ಅವಳು ಒಂದು ಕೆಜಿ ಉಪ್ಪಿನ ಪ್ಯಾಕೆಟ್ ತಗೊಂಡು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟಳು. ಸರಿಯಾಗಿ ಒಂದು ಕೆಜಿ ತೋರಿಸಿತು. ಅವಳು ತಕ್ಕಡಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಹಂಗಾದ್ರೆ ಕಣ್ಣು ತೋರಿಸ್ಕೊಳ್ಳಿ ಅಂಕಲ್. ವಯಸ್ಸಾದ್ಮೇಲೆ ಹಿಂಗಾಗುತ್ತೆ."

ಇಬ್ಬರಿಗೆ ಮಾತು ಕೊಟ್ಟವನು ಏನು ಹೇಳಲಿ? "ಇರ್ಲಿ ಇಟ್ಕೊಳ್ಳಮ್ಮ" ಎಂದೆ. "ಇಟ್ಟಿರ್ತೀನಿ" ಎಂದು ಹೋದಳು.

ಸುದ್ದಿ ಬೀದಿಗೆ ಬೀಳಲು ಎಷ್ಟು ಹೊತ್ತು? ಅವತ್ತಿನಿಂದ ನನ್ನ ಮಗ ತೂಗಲು ಬಂದರೆ ಹೆಂಗಸರೆಲ್ಲ, "ನೀನು ಬೇಡ ಕಣಪ್ಪ, ನಿಮ್ಮಪ್ಪನೇ ತೂಗ್ಲಿ" ಎನ್ನತೊಡಗಿದರು. ಕನ್ನಡಕ ತೆಗೆದಿಟ್ಟು ತೂಗಿ ಎಂದವರೂ ಇದ್ದಾರೆ.

ತಿಂಗಳು ತುಂಬಿತು

ತಿಂಗಳಾದ ಮೇಲಿನ ಸಂತೆ ದಿನ ಮಾವ, ಅತ್ತೆ, ಸೊಸೆ ಮೂವರೂ ಒಟ್ಟಿಗೆ ಬಂದರು. ಸೊಸೆ ಚೀಲದಿಂದ ನಾಲ್ಕು ಸ್ಟೀಲ್ ಡಬ್ಬಿ ತೆಗೆದು ನನ್ನ ಮುಂದೆ ಸಾಲಾಗಿ ಇಟ್ಟಳು. ಬೇಳೆ, ಸಕ್ಕರೆ, ರವೆ, ಕಡಲೆಕಾಯಿ ಬೀಜ.

"ಇದೆಲ್ಲ ನಿಮ್ದು ಅಂಕಲ್. ನೀವು ತಪ್ಪಿ ಹಾಕಿದ್ದು. ಹಿಂಗೇ ಮಾಡಿದ್ರೆ ಅಂಗಡಿ ಮುಳುಗಿಹೋಗುತ್ತೆ."

ಅತ್ತೆ ಮೇಲಿನ ಫ್ಯಾನು ನೋಡಿದರು. ಮಾವ ಬೀದಿಯಲ್ಲಿ ಹೋಗುತ್ತಿದ್ದ ಬೀರೂರು ಬಸ್ಸು ನೋಡಿದರು. ಬಸ್ಸು ಮರೆಯಾದ ಮೇಲೆ ಮಾವನೇ ಕೇಳಿದರು.

"ಇದನ್ನ ಮುಟ್ಟದೇನೇ ತಿಂಗಳು ನಡೆಸಿದ್ಯೇನಮ್ಮ?"

"ನಮ್ದಲ್ಲದ್ದು ಹೆಂಗ್ ಮುಟ್ಲಿ ಮಾವ?" ಎಂದು ಅವಳು ಪರ್ಸಿನಿಂದ ಮಡಿಸಿದ ನೋಟುಗಳನ್ನು ತೆಗೆದು ಅವರ ಕೈಗಿಟ್ಟಳು. "ಇದು ಉಳಿದಿದ್ದು. ಅತ್ತೆಗೆ ಮಂಡಿಗೆ ಹಾಕೋ ಪಟ್ಟಿ ತರೋಣ."

ಯಜಮಾನರು ನೋಟುಗಳನ್ನು ಎಣಿಸದೆ ಜೇಬಿಗೆ ಹಾಕಿಕೊಂಡರು. ಅವರು ದುಡ್ಡು ಎಣಿಸದೇ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಇನ್ಮೇಲೆ ಚೀಲ ನಿಂದೇ ಕಣಮ್ಮ" ಎಂದರು. ಅತ್ತೆ ಸೊಸೆಯ ಬೆನ್ನು ಸವರಿದರು.

ಸೊಸೆ ಹೊರಗೆ ಕೂತಿದ್ದ ಕೊತ್ತಂಬರಿ ಸೊಪ್ಪಿನವಳ ಹತ್ತಿರ ಹೋದಳು. ಅವಳು ಅತ್ತ ತಿರುಗಿದ್ದೇ ತಡ, ನನ್ನ ಎಡಗಿವಿಗೆ ಅತ್ತೆ, "ಸಾಮಾನು ವಾಪಸ್ ಬಂತಲ್ಲ, ನನ್ ದುಡ್ಡು?" ಎಂದರು. ಅದೇ ಹೊತ್ತಿಗೆ ಬಲಗಿವಿಗೆ ಯಜಮಾನರು, "ನಂದು?" ಎಂದರು.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ನೀವೂನಾ?"

"ನೀನೂನಾ?"

ಆಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ನಾನು ಗಲ್ಲಾ ತೆಗೆದು ಇಬ್ಬರಿಗೂ ಅವರವರ ದುಡ್ಡು ಪೈಸೆ ಬಿಡದೆ ಕೊಟ್ಟೆ. ಆಯಮ್ಮ ನೋಡದೆ ಸೆರಗಿಗೆ ಕಟ್ಟಿಕೊಂಡರು. ಯಜಮಾನರು ಬೆರಳು ಒದ್ದೆ ಮಾಡಿಕೊಂಡು ಒಂದೊಂದೇ ನೋಟು ಎಣಿಸಿದರು. ಸರಿಯಿತ್ತು. ಆದರೂ ಚಾಚಿದ ಕೈ ಹಿಂದಕ್ಕೆ ತಗೊಳ್ಳಲಿಲ್ಲ.

"ಇನ್ನೇನು ಯಜಮಾನ್ರೇ?" ಎಂದೆ.

"ಕೊಸರು?"