ಕೆಂಚಪ್ಪನ ಎರಡನೆಯ ಬಲಗೈ

ಫೆಬ್ರವರಿ ತಿಂಗಳು, ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಬಾಕಿ. ಸ್ಥಳ, ತಿಪಟೂರಿನಲ್ಲಿ ನಾನು ಪಾಠ ಹೇಳುತ್ತಿದ್ದ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪು. ಹಾಜರಿದ್ದವರು: ಕೊನೆಯ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಆರು ಮಂದಿ, ಅರಳಗುಪ್ಪೆಯ ಕೆಂಚಪ್ಪ, ಅವನ ಹೆಂಡತಿ ಪುಟ್ಟಮ್ಮ, ಹನ್ನೆರಡು ಒಣಗಿದ ತೆಂಗಿನಕಾಯಿ, ಒಂದು ಮಚ್ಚು, ಮತ್ತು ನಾನು. ಹೀಗೆ ಬರೆದುಕೊಳ್ಳದೆ ನನಗೆ ಯಾವ ಸಂಗತಿಯನ್ನೂ ಶುರು ಮಾಡಲು ಬರುವುದಿಲ್ಲ. ಇದು ಕೆಟ್ಟ ಅಭ್ಯಾಸವೆಂದು ನನ್ನ ಹೆಂಡತಿ ಹೇಳುತ್ತಾಳೆ. ನಮ್ಮ ಮದುವೆಯ ಫೋಟೋ ಹಿಂದೆ ನಾನು ತಾರೀಖು, ಗಂಟೆ, ಹಾಜರಿದ್ದವರ ಹೆಸರು ಬರೆದಿಟ್ಟಿದ್ದೇನೆ. ಅದಕ್ಕೆ ಅವಳ ಆಕ್ಷೇಪವಿಲ್ಲ. ಕೆಳಗೆ ‘ಗೈರುಹಾಜರಿ’ ಎಂದು ಬರೆದು ಅವಳ ಸೋದರಮಾವನ ಹೆಸರು ಸೇರಿಸಿದ್ದಕ್ಕೆ ಮಾತ್ರ ಇವತ್ತಿಗೂ ಸಿಟ್ಟಿದೆ.

ನಾನು ಕಲಿತದ್ದೇ ಹಾಗೆ. ನಮ್ಮ ಮೇಷ್ಟ್ರುಗಳು ಪೆನ್ಸಿಲ್ಲಿನ ಮೊನೆ ನೋಡಿ ಹುಡುಗನ ಭವಿಷ್ಯ ಹೇಳುತ್ತಿದ್ದರು. ನಾನು ಮೇಷ್ಟ್ರಾದ ಮೇಲೆ ಅದೇ ಶಿಸ್ತನ್ನು ಇನ್ನಷ್ಟು ಬಿಗಿ ಮಾಡಿದೆ. ತರಗತಿಯಲ್ಲಿ ಪ್ರಶ್ನೆ ಕೇಳಬೇಕಾದರೆ ಕೊನೆಯ ಹತ್ತು ನಿಮಿಷದಲ್ಲಿ ಕೇಳಬೇಕು. ಅದಕ್ಕೆ ಮುಂಚೆ ಹುಟ್ಟಿದ ಸಂದೇಹಗಳನ್ನು ರೆಕಾರ್ಡ್ ಪುಸ್ತಕದ ಬಲಭಾಗದಲ್ಲಿ ಬರೆದುಕೊಂಡು ಕಾಯಬೇಕು. ಕಾಯುವಷ್ಟರಲ್ಲಿ ಮುಕ್ಕಾಲು ಪಾಲು ಸಂದೇಹಗಳು ತಾವಾಗಿಯೇ ಸಾಯುತ್ತವೆ ಎಂಬುದು ನನ್ನ ಅನುಭವ. ಉಳಿದ ಕಾಲು ಪಾಲು ಏನು ಮಾಡುತ್ತವೆ ಎಂಬುದನ್ನು ಆ ಗುರುವಾರದವರೆಗೆ ನಾನು ಯೋಚಿಸಿರಲಿಲ್ಲ.

ಕೊನೆಯ ವರ್ಷದವರು ಏನಾದರೊಂದನ್ನು ತಾವೇ ವಿನ್ಯಾಸ ಮಾಡಿ, ಕಟ್ಟಿ ತೋರಿಸಬೇಕೆಂಬುದು ನಿಯಮ. ನಮ್ಮ ಸೀಮೆಯ ಹುಡುಗರಿಗೆ ವಿನ್ಯಾಸ ಎಂದರೆ ಕಾಯಿ ಸುಲಿಯುವ ಯಂತ್ರ. ವರ್ಷವರ್ಷವೂ ಅದೇ. ವರ್ಕ್‌ಶಾಪಿನ ಹಿಂದೆ ಅಂಥ ಏಳು ಯಂತ್ರಗಳು ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಒಂದಾದರೂ ಒಂದು ಕಾಯಿ ಸುಲಿದದ್ದನ್ನು ಕಂಡವರಿಲ್ಲ. ನಾಲ್ಕನೆಯದರಲ್ಲಿ ಅಟೆಂಡರನ ಕೋಳಿ ಮೊಟ್ಟೆ ಇಡುತ್ತಿತ್ತು. ಇಷ್ಟು ವರ್ಷಗಳ ತಾಂತ್ರಿಕ ಶಿಕ್ಷಣದಿಂದ ನೇರವಾಗಿ ಲಾಭ ಪಡೆದ ಜೀವ ಅದೊಂದೇ ಎನ್ನಬಹುದು.

ಆ ವರ್ಷ ಎಂಟನೆಯ ಯಂತ್ರ ಬೇಡ ಎಂದವಳು ಶಶಿಕಲಾ. ಕಿಬ್ಬನಹಳ್ಳಿಯಿಂದ ಬಸ್ಸಿನಲ್ಲಿ ಬಂದು, ದಿನಾ ನಾಲ್ಕು ನಿಮಿಷ ತಡವಾಗಿ ಬಾಗಿಲಲ್ಲಿ ನಿಲ್ಲುತ್ತಿದ್ದ ಹುಡುಗಿ. "ಸಾರ್, ಬಸ್ ಸ್ಟ್ಯಾಂಡ್ ಪಕ್ಕದ ಕೊಬ್ಬರಿ ಮಂಡೀಲಿ ಒಬ್ಬರು ಕಾಯಿ ಒಡೀತಾರೆ. ಎಡಗೈ ಇಲ್ಲ. ಅವರ ಹೆಂಡ್ತಿ ಕಾಯಿ ಹಿಡ್ಕೋತಾರೆ, ಇವರು ಮಚ್ಚು ಬೀಸ್ತಾರೆ. ನೋಡೋಕಾಗಲ್ಲ ಸಾರ್. ಅವರಿಗೊಂದು ಕೈ ಮಾಡೋಣ" ಎಂದಳು. ನನಗೂ ಕೋಳಿಗೆ ಇನ್ನೊಂದು ಮನೆ ಕಟ್ಟಿಸುವ ಆಸೆ ಇರಲಿಲ್ಲ. ಒಪ್ಪಿದೆ.

ಹೊರಗಿನವರಿಗೆ ಒಂದು ಮಾತು. ನಮ್ಮಲ್ಲಿ ಕಾಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಒಣಗಲು ಬಿಟ್ಟು, ಆಮೇಲೆ ಸುಲಿದು, ಚಿಪ್ಪು ಒಡೆದು ಒಳಗಿನ ಕೊಬ್ಬರಿಯನ್ನು ಇಡೀ ಉಂಡೆಯಾಗಿ ತೆಗೆಯುತ್ತಾರೆ. ಚಿಪ್ಪು ಒಡೆಯಬೇಕು, ಕೊಬ್ಬರಿ ಸೀಳಬಾರದು. ಎಡಗೈಯಲ್ಲಿ ಕಾಯಿ ತಿರುಗಬೇಕು, ಬಲಗೈಯ ಮಚ್ಚು ಸುತ್ತಲೂ ಹದವಾಗಿ ಬೀಳಬೇಕು. ನಾರು ಬಡಿಯುವ ಯಂತ್ರಕ್ಕೆ ಸಿಕ್ಕಿ ಮಣಿಕಟ್ಟಿನಿಂದಾಚೆ ಎಡಗೈ ಕಳೆದುಕೊಳ್ಳುವ ಮೊದಲು ಕೆಂಚಪ್ಪ ಈ ಕೆಲಸದಲ್ಲಿ ಮಂಡಿಗೇ ಮೊದಲಿಗನಂತೆ. ಆಮೇಲೆ ಅವನ ಎಡಗೈ ಪುಟ್ಟಮ್ಮನೇ ಆದಳು. ಅವಳು ಕಾಯಿ ಹಿಡಿದು ತಿರುಗಿಸುವುದು, ಅವನು ಹೊಡೆಯುವುದು. ಏಟು ಬೀಳುವಾಗಲೆಲ್ಲ ಇಬ್ಬರೂ ಜಗಳವಾಡುವುದು.

ಮೊದಲ ದಿನ ಬಂದಾಗ ಪುಟ್ಟಮ್ಮನೇ ವಿಷಯ ಹೇಳಿದಳು. "ಇವರದ್ದು ಒಂದು ಕೈ ಹೋಯ್ತು ಮೇಷ್ಟ್ರೆ. ನಂದೆರಡೂ ಹೋಗೋಕೆ ಮುಂಚೆ ಏನಾರ ಮಾಡಿಕೊಡಿ."

"ಸುಮ್ಕಿರೇ, ಒಂದಿನಾನಾದ್ರೂ ನಿನ್ ಬೆರಳಿಗೆ ತಾಗಿಸಿದೀನಾ?" ಎಂದ ಕೆಂಚಪ್ಪ.

"ತಾಗಿಸಿಲ್ಲ. ತಾಗಿಸೋ ಹಂಗೆ ನೋಡ್ತೀರಿ."

ಇದು ಡಿಸೆಂಬರಿನ ಮಾತು. ನಾನು ಬೋರ್ಡಿನ ಮೇಲೆ ವಿನ್ಯಾಸದ ಹಂತಗಳನ್ನು ಬರೆದೆ. ಯಾರಿಗೆ ಬೇಕು, ಏತಕ್ಕೆ ಬೇಕು, ಅಳತೆ, ನಕ್ಷೆ, ಮಾದರಿ, ಪರೀಕ್ಷೆ. ಮೊದಲ ಎರಡಕ್ಕೆ ವೇಳಾಪಟ್ಟಿಯಲ್ಲಿ ಕಾಲು ಗಂಟೆ ಕೊಟ್ಟಿದ್ದೆ. ಯಾರಿಗೆ ಎಂದರೆ ಎದುರಿಗೆ ನಿಂತಿದ್ದಾನೆ, ಏತಕ್ಕೆ ಎಂದರೆ ಕೈ ಇಲ್ಲ, ಅದಕ್ಕೆ. ಇದರಲ್ಲಿ ಕೇಳುವುದೇನಿದೆ? ಕೂಡಲೇ ಅಳತೆಗೆ ಬಂದೆವು. ಇಲ್ಲದ ಕೈಯನ್ನು ಅಳೆಯಲಾಗುವುದಿಲ್ಲವಾದ್ದರಿಂದ ಇರುವ ಕೈಯನ್ನು ಅಳೆಯಲು ಹೇಳಿದೆ. ನಾಗರಾಜನೆಂಬ ಹುಡುಗ ಕೆಂಚಪ್ಪನ ಬಲಗೈಯನ್ನು ಡ್ರಾಯಿಂಗ್ ಹಾಳೆಯ ಮೇಲೆ ಒತ್ತಿ ಹಿಡಿದು, ಸುತ್ತಲೂ ಗೆರೆ ಎಳೆದ. ಒಂದೊಂದು ಬೆರಳಿನ ಒಂದೊಂದು ಗೆಣ್ಣೂ ಹಾಳೆಗೆ ಬಂತು. ಅಂಥ ಚೊಕ್ಕ ಗೆರೆಯನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಆಗ ಶಶಿಕಲಾ ಕೈ ಎತ್ತಿ "ಸಾರ್..." ಎಂದಳು. ನಾನು ಗೋಡೆಯ ಗಡಿಯಾರ ತೋರಿಸಿದೆ. ಕೊನೆಯ ಹತ್ತು ನಿಮಿಷ ಬರಲು ಇನ್ನೂ ಹೊತ್ತಿತ್ತು. ಅವಳು ರೆಕಾರ್ಡ್ ಪುಸ್ತಕದ ಬಲಭಾಗದಲ್ಲಿ ಏನೋ ಬರೆದುಕೊಂಡಳು. ಆ ದಿನ ಯಾವುದೋ ಮೀಟಿಂಗೆಂದು ಗಂಟೆ ಬೇಗ ಹೊಡೆದುಬಿಟ್ಟರು. ಕೊನೆಯ ಹತ್ತು ನಿಮಿಷ ಬರಲೇ ಇಲ್ಲ.

ಆಮೇಲೆ ಆರು ವಾರ ಹುಡುಗರು ಊಟ ಬಿಟ್ಟು ದುಡಿದರು. ಮುಂಗೈಗೆ ತೊಡಿಸುವ ಗೂಡನ್ನು ಪಿವಿಸಿ ಪೈಪು ಬಿಸಿ ಮಾಡಿ, ಕೆಂಚಪ್ಪನ ಮೊಂಡುಗೈಯ ಸುತ್ತಳತೆಗೆ ಸರಿಯಾಗಿ ಬಗ್ಗಿಸಿದರು. ಒಳಗೆ ಮೆತ್ತೆ, ಹೊರಗೆ ಚಪ್ಪಲಿ ಹೊಲಿಯುವವರ ಹತ್ತಿರ ಹೊಲಿಸಿದ ಚರ್ಮದ ಪಟ್ಟಿ. ಸಣ್ಣ ಪೈಪಿನ ತುಂಡುಗಳೇ ಬೆರಳುಗಳು, ಸೈಕಲ್ ಬ್ರೇಕಿನ ತಂತಿಯೇ ನರಗಳು. ತಂತಿಯ ಇನ್ನೊಂದು ತುದಿ ಬೆನ್ನಿನ ಮೇಲೆ ಹಾದು ಬಲಭುಜದ ಪಟ್ಟಿಗೆ ಸೇರುತ್ತಿತ್ತು. ಭುಜ ಕುಣಿಸಿದರೆ ಬೆರಳು ಮಡಚಬೇಕು, ಭುಜ ಸಡಿಲಿಸಿದರೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಬೆರಳು ಬಿಚ್ಚಬೇಕು. ಮಡಚಿತು, ಬಿಚ್ಚಿತು. ನಾಗರಾಜ ಭುಜದ ಪಟ್ಟಿಯನ್ನು ತಾನೇ ಕಟ್ಟಿಕೊಂಡು, ಅದರ ಬೆರಳಿಗೆ ಸೀಮೆಸುಣ್ಣ ಕೊಟ್ಟು ಬೋರ್ಡಿನ ಮೇಲೆ ‘ನಮಸ್ಕಾರ’ ಎಂದು ಬರೆಸಿದ. ಅಕ್ಷರ ನಾಗರಾಜನ ಸ್ವಂತ ಕೈಬರಹಕ್ಕಿಂತ ಚೆನ್ನಾಗಿತ್ತು. ನಕ್ಷೆಯ ಮೂಲೆಯ ಚೌಕದಲ್ಲಿ ‘ಪರಿಶೀಲಿಸಿದವರು’, ‘ಅನುಮೋದಿಸಿದವರು’ ಎಂದು ಎರಡು ಕಡೆಯೂ ನಾನೇ ಹಸಿರು ಶಾಯಿಯಲ್ಲಿ ಸಹಿ ಹಾಕಿದೆ.

ಹೀಗೆ ಆ ಗುರುವಾರ ಬಂತು. ಪುಟ್ಟಮ್ಮನ ಎಡಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಏನೆಂದು ನಾನು ಕೇಳುವ ಮೊದಲೇ ಅವಳು ಹೆಬ್ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದಳು. "ಸೋಮವಾರ ತಾಗಿಸೇಬುಟ್ರು. ಉಗುರು ಅರ್ಧ ಹೋಯ್ತು. ನಾಳೆಯಿಂದ ನಾನು ಹಿಡಿಯಾಕಿಲ್ಲ ಅಂದ್ರೆ ಹಿಡಿಯಾಕಿಲ್ಲ. ಇವತ್ತು ಕೈ ಕೊಟ್ರೆ ಸರಿ. ಇಲ್ದಿದ್ರೆ ಮಂಡಿಯೋರು ಇವರನ್ನ ಕಸ ಗುಡಿಸಾಕೆ ಹಾಕ್ತಾರಂತೆ."

ಮಂಡಿಯ ಸಾಲಿನಲ್ಲಿ ಕೆಂಚಪ್ಪ ಕೂರುತ್ತಿದ್ದ ಜಾಗ ಬಾಗಿಲಿಂದ ಮೂರನೆಯದು ಎಂದು ಶಶಿಕಲಾ ಹೇಳಿದ್ದಳು. ಅದರ ಮೇಲೆ ಇನ್ನೊಬ್ಬರಿಗೆ ಆಗಲೇ ಕಣ್ಣು ಬಿದ್ದಿತ್ತಂತೆ.

"ಚಿಂತೆ ಮಾಡಬೇಡಮ್ಮ, ಎಲ್ಲ ಅಳತೆ ಪ್ರಕಾರ ಆಗಿದೆ" ಎಂದೆ.

ಗೂಡು ತೊಡಿಸಿದರು. ಕೈಗವಸಿನ ಹಾಗೆ ಕೂತಿತು. ಪಟ್ಟಿ ಬಿಗಿದರು. ಕೆಂಚಪ್ಪ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ ನೋಡಿಕೊಂಡ. ನಾವೂ ನೋಡಿದೆವು. ಹುಟ್ಟಿದ ಕೈಯ ಹೆಬ್ಬೆರಳು ಒಳಗಡೆಗೆ ಇತ್ತು. ನಾವು ಮಾಡಿದ ಕೈಯ ಹೆಬ್ಬೆರಳು ಹೊರಗಡೆಗೆ, ಕಿಟಕಿಯ ಕಡೆಗೆ ತೋರಿಸುತ್ತಿತ್ತು.

ಹಿತ್ತಲಿನಲ್ಲಿ ಅಟೆಂಡರನ ಕೋಳಿ ಕೊಕ್ಕೊಕ್ ಎಂದಿತು.

ಮೊದಲು ಬಾಯಿ ಬಿಟ್ಟವಳು ಪುಟ್ಟಮ್ಮ. "ಅಯ್ಯೋ ಶಿವನೇ, ಎರಡೂ ಬಲಗೈಯೇ ಆಗೋಯ್ತಲ್ಲ! ಆಯ್ತು ಬುಡಿ, ಇನ್ಮೇಲೆ ಎಡಗೈಲಿ ಕೊಟ್ರು, ಎಡಗೈಲಿ ಬಡಿಸಿದ್ರು ಅಂತ ಇವರನ್ನ ಯಾರೂ ಅನ್ನಂಗಿಲ್ಲ."

ಹುಡುಗರು ನಗು ತಡೆಯಲು ಬಗ್ಗಿ ಬಗ್ಗಿ ಬೂಟಿನ ದಾರ ಕಟ್ಟಿಕೊಂಡರು. ಅವರಲ್ಲಿ ಇಬ್ಬರು ಚಪ್ಪಲಿ ಹಾಕಿದ್ದರು. ಇರುವ ಕೈಯನ್ನು ಅಳೆದು, ಅದರ ಪಡಿಯಚ್ಚನ್ನೇ ತೆಗೆದಿದ್ದೆವು. ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕಿತ್ತು. ಅದು ಒಂದನೆಯ ವರ್ಷದ ಪಾಠ. ಆ ಪಾಠ ಮಾಡುವವನೂ ನಾನೇ. ಶಶಿಕಲಾಳ ರೆಕಾರ್ಡ್ ಪುಸ್ತಕ ಮೇಜಿನ ಮೇಲೆ ಬಿದ್ದಿತ್ತು. ತೆಗೆದು ನೋಡಿದೆ. ಡಿಸೆಂಬರಿನ ಪುಟದ ಬಲಭಾಗದಲ್ಲಿ, ದುಂಡಗಿನ ಅಕ್ಷರದಲ್ಲಿ: ‘ಸಂದೇಹ: ಇದನ್ನು ತಿರುಗಿಸಿ ಬರೆಯಬೇಕಲ್ಲವೇ?’ ಆ ಪುಟದ ಕೆಳಗೂ ನನ್ನ ಸಹಿ ಇತ್ತು. ಓದಿದೆ ಎಂಬುದಕ್ಕೆ ಹಾಕಿದ ಸಹಿ.

ನಾನು ಗಂಟಲು ಸರಿಮಾಡಿಕೊಂಡು, ತಿದ್ದಿದ ನಕ್ಷೆ ತಯಾರಿಸಿ ಮೂರು ವಾರದಲ್ಲಿ ಹೊಸ ಕೈ ಕೊಡುವುದಾಗಿ ಹೇಳಿದೆ. "ಮೂರು ವಾರ" ಎಂದು ಕೆಂಚಪ್ಪ ಮೆಲ್ಲಗೆ ಅಂದು, ಪಟ್ಟಿ ಬಿಚ್ಚತೊಡಗಿದ. ಒಂದೇ ಕೈಯಲ್ಲಿ ಬಕಲ್ ಬಿಚ್ಚಲು ಅವನು ಹಲ್ಲನ್ನು ಬಳಸುತ್ತಿದ್ದ.

"ಮಾವ, ಒಂದ್ನಿಮಿಷ" ಎಂದಳು ಶಶಿಕಲಾ. ಗಡಿಯಾರದ ಕಡೆ ನೋಡಲಿಲ್ಲ. "ನಿಮಗೆ ಎಡಗೈ ಇದ್ದಾಗ ಅದು ಏನು ಮಾಡ್ತಿತ್ತು? ಬೆರಳು ಮಡಚ್ತಿದ್ರಾ?"

"ಬೆರಳೆಲ್ಲಿ ಮಡಚ್ತೀವಿ ಕಣವ್ವ, ಮಡಚಿದ್ರೆ ಏಟು ಬೀಳ್ತದೆ. ಕಾಯಿ ಅಲ್ಲಾಡದಂಗೆ ಸುಮ್ನೆ ತಬ್ಬಿಕಳದು, ಒಸಿ ತಿರುಗಿಸಾದು. ಬಿಂದಿಗೆ ಕೆಳಗೆ ಬಟ್ಟೆ ಸುತ್ತಿ ಸಿಂಬಿ ಮಡಗ್ತಾರಲ್ಲ, ಹಂಗೆ."

"ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?" ಎಂದೆ ನಾನು. ಸ್ವಲ್ಪ ಗಡುಸಾಗಿಯೇ ಎಂದೆ.

"ನೀವು ಕೇಳಲಿಲ್ವಲ್ಲ ಮೇಷ್ಟ್ರೆ. ಕೈಯ ಹಾಳೆ ಮೇಲೆ ಮಡಗು ಅಂದ್ರಿ, ಮಡಗಿದೆ."

ಆರು ವಾರದ ಬೆರಳುಗಳನ್ನು ನಾಗರಾಜ ನಾಲ್ಕು ಸ್ಕ್ರೂ ಬಿಚ್ಚಿ ಬೇರ್ಪಡಿಸಿದ. ಅವನ ಮುಖ ನೋಡಲಾಗುತ್ತಿರಲಿಲ್ಲ. ನಾಲ್ಕಿಂಚಿನ ಪೈಪಿನಿಂದ ಎರಡು ಬೆರಳಗಲದ ತುಂಡು ಕೊಯ್ದು, ಬಾಯಿ ಕೊಂಚ ಅಗಲಿಸಿ, ಒಳಗೆಲ್ಲ ಸೈಕಲ್ ಟ್ಯೂಬು ಅಂಟಿಸಿದರು. ದಪ್ಪ ಬಳೆಯಂಥ ಅದನ್ನು ಗೂಡಿನ ತುದಿಗೆ, ಬೆರಳಿದ್ದ ಜಾಗಕ್ಕೆ ಬಿಗಿದರು. ನಾನು ಸ್ಕೇಲು ಹಿಡಿದು, ಇದು ಎಡಗೈಯೋ ಬಲಗೈಯೋ ಈಗಲಾದರೂ ಖಾತ್ರಿ ಮಾಡಿಕೊಳ್ಳೋಣ ಎಂದೆ. "ಬಳೆಗೆ ಎಡ ಬಲ ಇರಲ್ಲ ಸಾರ್" ಎಂದಳು ಶಶಿಕಲಾ. ಅಂಥ ಹೊತ್ತಿನಲ್ಲಿ ಸ್ಕೇಲನ್ನು ಎಲ್ಲಿ ಇಡಬೇಕೆಂದು ಯಾವ ಪಠ್ಯದಲ್ಲೂ ಹೇಳಿಲ್ಲ. ಹಿಂದೆ ಬಚ್ಚಿಟ್ಟುಕೊಂಡೆ.

ಮಧ್ಯಾಹ್ನ ಮೂರೂವರೆ. ಕೆಂಚಪ್ಪ ನೆಲದ ಮೇಲೆ ಕೂತು ಮರದ ತುಂಡನ್ನು ಮುಂದಕ್ಕೆಳೆದುಕೊಂಡ. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಕೊಬ್ಬರಿ ಲೊಟಲೊಟ ಅಂದಿತು. ಬಳೆಯೊಳಗೆ ಕೂರಿಸಿ ಒತ್ತಿ ಹಿಡಿದು ಮಚ್ಚು ಎತ್ತಿದ. ಮೊದಲ ಏಟಿಗೆ ಕಾಯಿ ಬಳೆಯಿಂದ ಹಾರಿ ನಾಗರಾಜನ ಮೊಣಕಾಲಿಗೆ ಬಡಿಯಿತು. ನಾಗರಾಜನನ್ನು ಯಾರೂ ವಿಚಾರಿಸಲಿಲ್ಲ. ಎರಡನೆಯ ಕಾಯಿಯ ಕೊಬ್ಬರಿ ಸೀಳಿ ಹೋಳಾಯಿತು. ಪುಟ್ಟಮ್ಮ ತುಟಿ ಕಚ್ಚಿಕೊಂಡಳು. ಕೆಂಚಪ್ಪ ಮೊಣಕೈಯನ್ನು ಕೊಂಚ ಒಳಗೆ ತಂದು, ಬಳೆಯನ್ನು ಓರೆ ಮಾಡಿ ಕೂತ. ಮೂರನೆಯದಕ್ಕೆ ಟಕ್, ಟಕ್, ಟಕ್ ಎಂದು ಏಟು ಸುತ್ತಿ ಬಂತು. ಚಿಪ್ಪು ಎರಡಾಗಿ ಬಿತ್ತು. ಉಂಡೆ ಕೊಬ್ಬರಿ ಒಂದು ಗೀರೂ ಇಲ್ಲದೆ ನೆಲದ ಮೇಲೆ ಉರುಳಿತು.

ಆಮೇಲೆ ಅವನು ನಿಲ್ಲಿಸಲೇ ಇಲ್ಲ. ನಾಲ್ಕು, ಐದು, ಆರು. ಪುಟ್ಟಮ್ಮ ಒಂದೊಂದು ಏಟಿಗೂ ಎರಡೂ ಕೈ ಮುಂದಕ್ಕೆ ತಂದು, ಹಿಂದಕ್ಕೆ ತೆಗೆದುಕೊಂಡು, ಕೊನೆಗೆ ಮಡಿಲಲ್ಲಿಟ್ಟು ಅವುಗಳನ್ನೇ ನೋಡುತ್ತ ಕೂತಳು.

"ಏನೇ, ಸುಮ್ಕಾಗಿಬುಟ್ಟೆ?" ಎಂದ ಕೆಂಚಪ್ಪ, ಮಚ್ಚು ನಿಲ್ಲಿಸದೆ.

"ಇನ್ಮೇಲೆ ಯಾರ್ ಕೂಟೆ ಜಗಳ ಆಡ್ತೀರಿ ಅಂತ ನೋಡ್ತಾವ್ನಿ" ಎಂದಳು.

ಹನ್ನೊಂದು ಕಾಯಿ ಮುಗಿದಾಗ ಬಸ್ಸಿನ ಹೊತ್ತಾಯಿತು. ಪರೀಕ್ಷೆಗೆ ತೋರಿಸಬೇಕಾದ ಮಾದರಿಯನ್ನು ಹೊರಗೆ ಕೊಡುವ ನಿಯಮವಿಲ್ಲ. ನಾನು ಅದನ್ನು ಹೇಳಲು ಬಾಯಿ ತೆರೆದೆ. ಕೆಂಚಪ್ಪ ಆಗಲೇ ಬಳೆಯ ಮೇಲೆ ಟವೆಲು ಹೊದಿಸಿಕೊಂಡು ಬಾಗಿಲು ದಾಟಿದ್ದ. ಪುಟ್ಟಮ್ಮ ಉಂಡೆ ಕೊಬ್ಬರಿಗಳಲ್ಲಿ ಒಂದನ್ನು ಮೇಜಿನ ಮೇಲಿಟ್ಟು, "ಮನೇಲಿ ಅಮ್ಮಾರಿಗೆ ಕೊಡಿ ಮೇಷ್ಟ್ರೆ" ಎಂದು ಅವನ ಹಿಂದೆ ಓಡಿದಳು. ಹುಡುಗರೂ ಹೋದರು.

ಒಂದು ಕಾಯಿ ಮಿಕ್ಕಿತ್ತು, ಅಟೆಂಡರನಿಂದ ತಂದಿದ್ದ ಮಚ್ಚೂ ಅಲ್ಲೇ ಇತ್ತು. ವರ್ಕ್‌ಶಾಪಿನಲ್ಲಿ ನಾನೊಬ್ಬನೇ. ನನಗೆ ದೇವರು ಕೊಟ್ಟ ಎಡಗೈ ಸರಿಯಾಗಿಯೇ ಇದೆ, ಹೆಬ್ಬೆರಳೂ ಸರಿಯಾದ ಕಡೆಗೇ ಇದೆ. ಬಾಗಿಲು ಮುಂದಕ್ಕೆ ಮಾಡಿ ಕೆಳಗೆ ಕೂತೆ. ಕಾಯಿ ಹಿಡಿದು ಮಚ್ಚು ಎತ್ತಿದೆ. ಮಚ್ಚು ಇಳಿಯುವಷ್ಟರಲ್ಲಿ ಎಡಗೈ ಕಾಯಿ ಬಿಟ್ಟು ಹಿಂದಕ್ಕೆ ಬಂದಿತ್ತು. ಇನ್ನೊಮ್ಮೆ ಎತ್ತಿದೆ. ಇನ್ನೊಮ್ಮೆ ಬಂತು. ಬೀಸುವವನೂ ನಾನೇ, ಹಿಡಿಯುವವನೂ ನಾನೇ. ಆದರೂ ನನ್ನ ಮೇಲೆ ನನಗೇ ನಂಬಿಕೆ ಬರಲಿಲ್ಲ. ಐದನೆಯ ಸಲ ಕಾಯನ್ನು ಬೆಂಚಿನ ಮೇಲಿನ ವೈಸಿನ ಕಬ್ಬಿಣದ ದವಡೆಗೆ ಕೊಟ್ಟು ಬಿಗಿದು, ಸುತ್ತಿಗೆಯಿಂದ ಬಾರಿಸಿದೆ. ಚಿಪ್ಪಿನ ಜೊತೆಗೆ ಕೊಬ್ಬರಿಯೂ ಪುಡಿಪುಡಿಯಾಗಿ ನಾಲ್ಕು ದಿಕ್ಕಿಗೆ ಹಾರಿತು. ಪೊರಕೆ ತಂದು, ಬೆಂಚಿನ ಕೆಳಗೆ ಹೊಕ್ಕು, ಚೂರೂ ಉಳಿಯದ ಹಾಗೆ ಗುಡಿಸಿ, ಬೀಗ ಹಾಕಿದಾಗ ಸಂಜೆ ಐದು ಗಂಟೆ ನಲವತ್ತು ನಿಮಿಷ.