ತಿರುಗೋ ಫ್ಯಾನಿಗೆ ಹಿಟ್ಟು ಅಂಟೋದು ಹೇಗೆ?

ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಇಂಥದ್ದೊಂದು ನಡೆಯದ ವಾರವೇ ಇಲ್ಲ.

ಫ್ಯಾನು

ಪಾಂಡವಪುರದಲ್ಲಿ ನನ್ನದೊಂದು ಹಿಟ್ಟಿನ ಮಿಲ್ಲಿದೆ. ನಾನೇ ದುಡಿದು ಹಾಕಿದ್ದು. ಸ್ಕೂಲಿಗೆ ಹೋಗಿದ್ದು ಏಳನೇ ಕ್ಲಾಸಿನವರೆಗೆ. ಮಿಕ್ಕಿದ್ದೆಲ್ಲ ನಾನೇ ಓದಿಕೊಂಡಿದ್ದು. ಬಾಡಿಗೆಯವರು ಬಿಟ್ಟುಹೋದ ಇಂಜಿನಿಯರಿಂಗ್ ಪುಸ್ತಕವನ್ನೂ ಡಿಕ್ಷನರಿ ಹಿಡಿದು ಓದಿದೆ.

ಚಿನಕುರಳಿಯಿಂದ ರಾಗಿ ತಂದಿದ್ದ ಗೌಡರೊಬ್ಬರು, "ಏನವ್ವ, ಫ್ಯಾನು ಇಷ್ಟ್ ಜೋರಾಗಿ ತಿರುಗ್ತದೆ, ರೆಕ್ಕೆ ಮೇಲಿನ್ ಹಿಟ್ಟು ಯಾಕೆ ಹಾರೋಗಕ್ಕಿಲ್ಲ?" ಅಂದರು.

"ರೆಕ್ಕೆಗೆ ತಾಗಿರೋ ಗಾಳಿ ಅದಕ್ಕೇ ಅಂಟ್ಕಂಡು ಜೊತೇಲೇ ತಿರುಗ್ತದೆ. ಅದರಾಚೆ ಗಾಳಿ ಸ್ವಲ್ಪ ಜಾರ್ತದೆ, ಇನ್ನೂ ಆಚೇದು ಇನ್ನೂ ಜಾಸ್ತಿ. ಆ ತೆಳು ಪದರಾನೇ ಬೌಂಡರಿ ಲೇಯರ್. ಅದರ ತಳದಲ್ಲಿ ಕೂತಿರೋ ಹಿಟ್ಟಿಗೆ ಗಾಳಿ ಏಟೇ ಬೀಳಕ್ಕಿಲ್ಲ" ಅಂದೆ.

ಪಕ್ಕದಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದ ನಮ್ಮತ್ತೆ ಜರಡಿ ಕೆಳಗಿಟ್ಟರು. "ಒರಸಕ್ಕೆ ಸೋಮಾರಿತನ ಅನ್ನು. ಅದಕ್ಯಾಕೆ ಪುಸ್ತಕ?"

ಮಾತು ಬೆಳೆದು ಪಂದ್ಯವಾಯಿತು. ಪುಸ್ತಕ ಸುಳ್ಳಾದರೆ ಬಚ್ಚಲೊಲೆಗೆ. ನಿಜವಾದರೆ ಇನ್ನು ಮೇಲೆ ಫ್ಯಾನು ಒರೆಸುವವರು ಅತ್ತೆ.

ಬೈಕು

ಕೆ.ಆರ್. ಪೇಟೆಯಲ್ಲಿ ಬೀಗರೂಟ. ಬೈಕಿನ ಮೇಲೆಲ್ಲ ಹಿಟ್ಟು ಕೂತಿತ್ತು. ಯಜಮಾನರು ಒರೆಸಲು ಹೋದರೆ, "ಅಂಗೇ ಓಡ್ಸಿ, ಅತ್ತೆಗೆ ತೋರಿಸ್ಬೇಕು" ಅಂದೆ. ಅಷ್ಟು ದೂರ ಗಾಳಿಗೆ ಓಡಿಸಿದರೂ ಟ್ಯಾಂಕಿನ ಮೇಲಿನ ಹಿಟ್ಟು ಹಾಗೇ ಇತ್ತು!

ಬಸ್ಸಲ್ಲಿ ಮೊದಲೇ ಬಂದಿದ್ದ ಅತ್ತೆ, ತಮ್ಮ ಮಗನ ಕಪ್ಪು ಪ್ಯಾಂಟಿನ ಹಿಂಭಾಗ ನೋಡಿದರು. "ಇದೂ ನಿನ್ನ ಲೇಯರ್ರೇನವ್ವ?"

ಪಾಪ, ಯಜಮಾನರು ಎದ್ದು ನಿಲ್ಲಲಾಗದೆ ಪಂಕ್ತಿ ಮೇಲೆ ಪಂಕ್ತಿ ಕೂತೇ ಉಂಡರು.

ಚಪ್ಪಲಿ

ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಇಳಿದಾಗಲೂ ಬಿಡಲಿಲ್ಲ. "ಕಲ್ಲಿಗೆ ತಾಗಿರೋ ನೀರು ಹರಿಯಕ್ಕಿಲ್ಲ, ನೋಡಿ" ಎಂದು ನೀರಲ್ಲಿ ಮುಳುಗಿದ್ದ ಮೆಟ್ಟಿಲ ಮೇಲೆ ನನ್ನ ಚಪ್ಪಲಿ ಇಟ್ಟೆ. ಆ ಪದರಕ್ಕಿಂತ ಚಪ್ಪಲಿ ದಪ್ಪ ಎಂದು ನನಗೆ ಹೊಳೆಯುವಷ್ಟರಲ್ಲಿ ಅದು ಸೇತುವೆ ದಾಟಿತ್ತು.

"ಇನ್ನೊಂದನ್ನೂ ಬುಡವ್ವ, ಜೊತೆಗಿರ್ಲಿ," ಅಂದರು ಅತ್ತೆ.

ಅತ್ತೆ

ಮಾರನೆಯ ದಿನ ಅತ್ತೆ ಬಚ್ಚಲೊಲೆ ಹಚ್ಚಿ, "ಚಪ್ಪಲಿ ಹೋಯ್ತಲ್ಲ, ತತ್ತಾ ಪುಸ್ತಕ" ಎಂದು ಮಿಲ್ಲಿಗೇ ಬಂದರು. ನಾಗಮಂಗಲದ ಮದುವೆಮನೆಯವರ ಅಕ್ಕಿ ಬೀಸುವಾಗ ಹಿಟ್ಟು ಹಾರದಿರಲೆಂದು ಫ್ಯಾನು ಆರಿಸಿದ್ದೆ. ರೆಕ್ಕೆಗಳ ಮೇಲೆ ಹಿಟ್ಟು ಗುಡ್ಡೆಯಾಗಿತ್ತು.

"ಒಂದ್ಸಲ ಕಣ್ಣಾರೆ ನೋಡ್ಬುಡಿ ಅತ್ತೆ" ಎಂದು ಸ್ವಿಚ್ ಒತ್ತಿದೆ.

ಅತ್ತೆ ತಲೆಯೆತ್ತಿದರು. ಗುಡ್ಡೆಯಷ್ಟೂ ಅವರ ಮುಖಕ್ಕೇ ಬಿತ್ತು.

"ದಪ್ಪಗಿದ್ದದ್ದು ಬಿತ್ತು, ತೆಳ್ಳಗಿರೋದು ರೆಕ್ಕೆಗೆ ಅಂಟ್ಕಂಡೇ ಅದೆ! ನೋಡಿ ಅತ್ತೆ!"

"ಎಲ್ಲಿ ನೋಡ್ಲಿ? ಕಣ್ಣು ಬುಡಕ್ಕಾಗ್ತಿಲ್ಲ!"

ಹಿಟ್ಟು ಹಾರಿಹೋಗಲಿ ಎಂದು ಅದೇ ಫ್ಯಾನಿಗೆ ಮುಖವೊಡ್ಡಿ ನಿಂತರು. ಎಷ್ಟು ಹೊತ್ತು ನಿಂತರೂ ಕೆನ್ನೆಯ ಹಿಟ್ಟು ಕದಲಲಿಲ್ಲ. ಕೊನೆಗೆ, "ಸೋತೆ ಕಣವ್ವ, ನಿನ್ ಪುಸ್ತಕ ದಿಟ. ಮೊದ್ಲು ಒರಸು" ಅಂದರು.

ಗೆದ್ದೆ. ಪುಸ್ತಕ ಉಳಿಯಿತು. ಆದರೆ ಕಣ್ಣೇ ಬಿಡಲಾಗದವರನ್ನು ಸ್ಟೂಲು ಹತ್ತಿಸುವುದು ಹೇಗೆ? ಅತ್ತೆ, ಫ್ಯಾನು, ಎರಡನ್ನೂ ನಾನೇ ಒರೆಸಿದೆ.