ಹಲ್ಲಿಗೆ ಮಾಡಿದ ಕರಿ ಪೇಸ್ಟು

ಜಮೀನ್ದಾರನ ಎದುರು ನಿಂತು ಕೂಗುವುದು ಸುಲಭ. ಮನೆಯವರ ಬಾಯಿಂದ ಒಂದು ಚಟ ಬಿಡಿಸುವುದಿದೆಯಲ್ಲ, ಅಲ್ಲಿ ಎಂಥ ಹೋರಾಟಗಾರನೂ ಮುಗ್ಗರಿಸುತ್ತಾನೆ. ನಾನಂತೂ ಮುಗ್ಗರಿಸುತ್ತಲೇ ಬಂದಿದ್ದೇನೆ. ಎಂಬತ್ತರ ದಶಕದಲ್ಲಿ, ಇಜೇರಿಯ ನಮ್ಮ ಮನೆಯಿಂದ ಶುರುವಾದದ್ದು ಇದು.

೧. ನರ್ಸಬಾಯಿ ಬೈದದ್ದು

ನನ್ನ ಹೆಂಡತಿ ಆಗ ಚೊಚ್ಚಲ ಬಸುರಿ. ಊರಿಗೆ ಬರುವ ನರ್ಸಬಾಯಿ ಅವಳ ಬಾಯಿ ತೆರೆಸಿ ನೋಡಿದಳು. ವಸಡೆಲ್ಲ ರಕ್ತ.

"ಮಶೇರಿ ತಿಕ್ತೀಯೇನವ್ವಾ?"

ಮಶೇರಿ ಎಂದರೆ ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಕುಟ್ಟಿದ ಪುಡಿ. ನಮ್ಮ ಹೆಂಗಸರು ಅದನ್ನು ಹಲ್ಲುಪುಡಿ ಎನ್ನುತ್ತಾರೆ. ನಾನು ವಿಷ ಎನ್ನುತ್ತೇನೆ. ಹೆಂಡತಿ ತಲೆ ತಗ್ಗಿಸಿದಳು. ನರ್ಸಬಾಯಿ ನನ್ನ ಮೇಲೆ ಹರಿಹಾಯ್ದಳು.

"ಕೂಸು ಬೆಳೀವಲ್ದು. ಇದನ್ನ ಬಿಡಸಲಿಲ್ಲಂದ್ರ ಅದು ಉಳಿಯೂದು ಕಷ್ಟ ಅದ. ಊರಿಗೆಲ್ಲ ಭಾಷಣ ಮಾಡ್ತೀರಿ, ಹೇಣ್ತಿ ಬಾಯಾಗ ಏನದ ನೋಡಿಲ್ಲೇನ್ರಿ?"

ಮನೆ ಮುಟ್ಟುವವರೆಗೆ ನಾನು ತಂಬಾಕಿನ ಮೇಲೆ, ಅದನ್ನು ಮಾರುವವರ ಮೇಲೆ ಕೂಗಾಡಿದೆ. ಹೆಂಡತಿ ಹೊಸ್ತಿಲ ಹತ್ತಿರ ಬಂದು ನಿಂತಳು.

"ಆತು, ಬಿಡ್ತೇನಿ. ನಾಳೆ ಮುಂಜಾನೆ ಹಲ್ಲಿಗೆ ಏನು ಹಚ್ಚಲಿ? ನಿಮ್ಮ ಭಾಷಣಾನ?"

೨. ಎತ್ತಿದ ಕೈ

ಟ್ಯೂಬಿನ ಪೇಸ್ಟು ಜೇವರ್ಗಿಯ ಅಂಗಡಿಗಳ ಗಾಜಿನ ಹಿಂದೆ ಮಿಂಚುತ್ತಿತ್ತು. ಕೂಲಿಯವರ ಬಾಯಿತನಕ ಅದು ಬರುತ್ತಿರಲಿಲ್ಲ. ಯಾಕೆ ಬರಬೇಕು? ಬೇವು ನಮ್ಮದು, ಜಾಲಿ ನಮ್ಮದು. ಜಾಲಿಯ ಇದ್ದಲಿ ಕುಟ್ಟಿದೆ. ಒಣಗಿಸಿದ ಬೇವಿನ ತೊಗಟೆ, ಉಪ್ಪು, ಲವಂಗ ಪುಡಿ ಮಾಡಿ ಸೇರಿಸಿದೆ. ಪುಡಿ ಹಾರದ ಹಾಗೆ ಕುಸುಬಿ ಎಣ್ಣೆ ಹಾಕಿ ಕಲೆಸಿದೆ. ಹೆಂಡತಿ ಅದರಲ್ಲೇ ಹಲ್ಲು ತಿಕ್ಕಿದಳು. ಆದರೆ ಮಶೇರಿ ಇಲ್ಲದೆ ಅವಳ ತಲೆ ಸಿಡಿಯುತ್ತಿತ್ತು. ಗೋಡೆಗೆ ಹಣೆ ಒತ್ತಿಕೊಂಡು ಕೂರುತ್ತಿದ್ದಳು. ನೋಡಲಾಗುತ್ತಿರಲಿಲ್ಲ.

ಆ ಸಿಟ್ಟಿನಲ್ಲಿ ಡಬ್ಬಿ ಹಿಡಿದು ಊರ ಬಾಗಿಲಿನ ಅಗಸಿ ಕಟ್ಟೆ ಹತ್ತಿದೆ. ಹೆಂಗಸರು ಸೇರಿದರು. ಮುಂದೆ ಕೂತವಳು ನನ್ನ ಅವ್ವ. ತಂಬಾಕು ಬೆಳೆಯುವವರನ್ನು, ಮಾರುವವರನ್ನು, ಸುಮ್ಮನೆ ನೋಡುವ ಸರಕಾರವನ್ನು ಬೈದೆ. ಅವ್ವ ಪ್ರತಿ ಮಾತಿಗೂ ತಲೆಯಾಡಿಸಿದಳು.

"ಕೇಳ್ರೇ, ನನ್ನ ಮಗ ಖರೇ ಹೇಳಾಕತ್ತಾನ" ಎಂದು ಪಕ್ಕದವರನ್ನು ತಿವಿದಳು.

"ಇವತ್ತಿನಿಂದ ಯಾರು ಬಿಡ್ತೀರಿ? ಕೈ ಎತ್ರಿ!" ಎಂದು ಕೂಗಿದೆ.

ಎಲ್ಲರಿಗಿಂತ ಮೊದಲು ಎದ್ದದ್ದು ಅವ್ವನ ಕೈ. ಎತ್ತಿದ ಬೆರಳಿನ ತುದಿಗೆ ಮಶೇರಿ ಇನ್ನೂ ಹಸಿಯಾಗಿ ಹತ್ತಿತ್ತು.

೩. ಮಾವನ ಊಟ

ಅಷ್ಟರಲ್ಲಿ ಕರಜಗಿಯಿಂದ ಮಾವ ಬಂದ, ಮಗಳನ್ನು ಬಾಣಂತನಕ್ಕೆ ಕರೆದೊಯ್ಯಲು. ನನ್ನ ಜೀವ ಹಾರಿತು. ಆ ಮನೆಯಲ್ಲಿ ಮಶೇರಿಯ ಹಂಚು ಒಲೆಯಿಂದ ಇಳಿಯುವುದೇ ಇಲ್ಲ. ಅತ್ತೆ ತಿಕ್ಕುತ್ತಾಳೆ, ಸೊಸೆಯಂದಿರು ತಿಕ್ಕುತ್ತಾರೆ, ಮಾವನಂತೂ ದಿನಾ ತಿಕ್ಕುತ್ತಾನೆ. ಅಲ್ಲಿಗೆ ಹೋದರೆ ಇವಳು ಮತ್ತೆ ಬೆರಳು ಅದ್ದುತ್ತಾಳೆ, ನರ್ಸಬಾಯಿ ಹೇಳಿದ್ದು ನಿಜವಾಗುತ್ತದೆ.

"ಕಳಸಂಗಿಲ್ರಿ" ಎಂದೆ.

"ಚೊಚ್ಚಲ ಬಾಣಂತನ ತವರಾಗ ಆಗಬೇಕು. ನಿಮ್ಮ ಕ್ರಾಂತಿ ನಿಮ್ಮ ಊರಾಗ ಇಟಗೋರಿ ಅಳಿಯಂದ್ರ!"

ದನಿ ಏರಿತು. ಕಟ್ಟೆಯ ಸಭೆಯ ನಂತರ ನನಗೆ ಹೆದರುತ್ತಿದ್ದ ಅವ್ವ ಗಡಿಬಿಡಿಯಿಂದ ರೊಟ್ಟಿ ಬಡಿಸಿದಳು. ಮಾವ ಕಣ್ಣು ನನ್ನ ಮೇಲೇ ಇಟ್ಟು ಒಲೆಯ ಬದಿಯ ಬಟ್ಟಲಿಗೆ ಕೈ ಹಾಕಿದ. ಹಲ್ಲಿಗೆಂದು ತೆಗೆದಿಟ್ಟ ನಮ್ಮ ಪೇಸ್ಟು! ಕರ್ರಗೆ, ಮೇಲೆ ಕುಸುಬಿ ಎಣ್ಣೆ. ಗುರೆಳ್ಳು ಚಟ್ನಿಯೂ ಹಾಗೇ ಇರುತ್ತದೆ. ಅವನು ತುಂಬ ಹಚ್ಚಿಕೊಂಡು ತುತ್ತು ಬಾಯಿಗಿಟ್ಟ.

ಬೇವಿನ ಕಹಿ ಏರಿ ಅವನ ಕಣ್ಣಲ್ಲಿ ನೀರು ಬಂತು. ಆದರೆ ಬೀಗರ ಮನೆಯ ಅಡುಗೆಗೆ ಹೆಸರಿಡುವ ಪದ್ಧತಿ ನಮ್ಮಲ್ಲಿಲ್ಲ. ಜಗಳ ನಡೆದಾಗಂತೂ ಇಲ್ಲವೇ ಇಲ್ಲ. ಮಾವ ಅಗಿದ, ನುಂಗಿದ, ರೊಟ್ಟಿ ಮುಗಿಸಿದ. ಕರಿಹಲ್ಲು ತೋರಿಸಿ ಅವ್ವನಿಗೆ ಹೇಳಿದ:

"ಚಟ್ನಿ ಭಾಳ ಛಲೋ ಆಗ್ಯದ ಬೀಗತ್ಯಾರ. ನಮ್ಮ ಮನಿಗೂ ಸ್ವಲ್ಪ ಕಟ್ಟಿ ಕೊಡ್ರಿ."

ಹೆಂಡತಿ ಅಪ್ಪನ ಜೊತೆ ಹೊರಡಲು ಡಬ್ಬಿಯನ್ನೇ ಗಂಟಿನಲ್ಲಿ ಕಟ್ಟಿಕೊಂಡಳು.

೪. ತುಂಬಿದ ಚರಿಗೆ

ಅವಳು ಹೋದಮೇಲೆ ನನಗೆ ಊಟ ಸೇರಲಿಲ್ಲ. ಕೆಲವು ವಾರಗಳ ಮೇಲೆ ಆಳಂದದಲ್ಲಿ ಕೂಲಿಕಾರರ ಸಭೆಯಿತ್ತು. ಘೋಷಣೆ ಕೂಗುವಾಗಲೂ ಅವಳ ವಸಡೇ ಕಣ್ಣ ಮುಂದೆ. ಸಭೆ ಮುಗಿದದ್ದೇ ಅಫಜಲಪುರದ ಬಸ್ಸು ಹತ್ತಿದೆ. ಅಲ್ಲೇ ತಂಗಿ, ಮುಂಜಾನೆ ಕರಜಗಿಯಲ್ಲಿ ಇಳಿದೆ. ಓಣಿಯ ತುದಿಗೇ ಹೆಂಡತಿಯ ಚೀರಾಟ ಕೇಳಿಸಿತು. ಮಶೇರಿಗಾಗಿ ಜಗಳ ತೆಗೆದಿದ್ದಾಳೆ ಎಂದುಕೊಂಡೆ. ಬೈಗುಳವನ್ನೆಲ್ಲ ಬಾಯಲ್ಲಿ ತಯಾರಿಟ್ಟುಕೊಂಡು ಒಳಗೆ ನುಗ್ಗಿದೆ.

ಹೆಂಡತಿ ತುಂಬುಹೊಟ್ಟೆ ಹೊತ್ತು ಅಂಗಳದಲ್ಲಿ ನಿಂತಿದ್ದಳು, ಕೈಯಲ್ಲಿ ದನ ಕಾಯುವ ಬಡಿಗೆ. ಮಶೇರಿ ಹುರಿಯುವ ಹಂಚು ತಿಪ್ಪೆಯಲ್ಲಿ ಚೂರಾಗಿ ಬಿದ್ದಿತ್ತು. ಅತ್ತೆ, ಸೊಸೆಯಂದಿರು ಸಾಲಾಗಿ ಕೂತು ಕರಿ ಪೇಸ್ಟಿನಿಂದ ಹಲ್ಲು ತಿಕ್ಕುತ್ತಿದ್ದರು.

"ಇನ್ನಾ ತಿಕ್ಕವ್ವಾ! ಆ ವಾಸನಿ ಬಂತಂದ್ರ ನಾ ಕಾರ್ಕೋತೇನಿ, ಕೂಸಿಗೆ ಅನ್ನ ನಿಂದರಂಗಿಲ್ಲ. ಮತ್ತ ಹುರದ್ರ ಒಲೀನೂ ಒಡೀತೇನಿ!"

ನನ್ನನ್ನು ಕಂಡು ನಕ್ಕಳು. ವಸಡಿನಲ್ಲಿ ರಕ್ತವಿರಲಿಲ್ಲ. ಕೂಸು ಈಗ ಬೆಳೆಯುತ್ತಿದೆ ಎಂದು ಅಲ್ಲಿಯ ನರ್ಸಬಾಯಿ ಹೇಳಿದ್ದಳಂತೆ.

ಹಿತ್ತಲ ಕಡೆಯಿಂದ ಮಾವ ಬಂದ, ಕೈಯಲ್ಲಿ ಚರಿಗೆ ಹಿಡಿದು. ಮುಖ ಬಾಡಿತ್ತು. ನನ್ನ ರಟ್ಟೆ ಹಿಡಿದು ಮೂಲೆಗೆ ಎಳೆದ.

"ಅಳಿಯಂದ್ರ, ನಿಮ್ಮ ಕಾಲು ಹಿಡೀತೇನಿ. ಇಕಿನ್ನ ಇವತ್ತೇ ಕರಕೊಂಡು ಹೋಗ್ರಿ."

"ಯಾಕ್ರಿ ಮಾವಾರ? ಏನಾತು?"

ಅವನು ಚರಿಗೆ ತೋರಿಸಿದ. ಬಯಲಿಗೆ ಒಯ್ದ ನೀರು ತುಂಬಿದ್ದು ತುಂಬಿದ ಹಾಗೇ ಇತ್ತು. ಮುಂಜಾನೆ ಮಶೇರಿ ಬಾಯಿಗೆ ಬೀಳದಿದ್ದರೆ ತಿಕ್ಕುವವರಿಗೆ ಹೊರಕಡೆ ಆಗುವುದಿಲ್ಲ.

"ಬಂದವರೆಲ್ಲಾ ಆಕಿ ಹೊಟ್ಟಿ ಹ್ಯಾಂಗದ ಅಂತ ಕೇಳ್ತಾರ್ರಿ" ಎಂದ ಮಾವ, ಅಳುವ ದನಿಯಲ್ಲಿ. "ಮನಿ ಯಜಮಾನನ ಹೊಟ್ಟಿ ಹ್ಯಾಂಗದ ಅಂತ ಒಬ್ಬರರೆ ಕೇಳಬಾರದೇನ್ರಿ?"